ಕೆಂಗೇರಿಯಿಂದ ಪೇಟೆಗೆ ಮೂರು ದಾರಿ

ಕೆಂಗೇರಿಗೆ ಹೊಸದಾಗಿ ಬಾಡಿಗೆಗೆ ಬಂದವರು ಹಾಲಿನವರನ್ನೂ ಪೇಪರಿನವರನ್ನೂ ಗೊತ್ತುಮಾಡಿಕೊಂಡ ಮೇಲೆ ಅಕ್ಕಪಕ್ಕದ ಮನೆಯವರನ್ನು ಕೇಳುವ ಪ್ರಶ್ನೆ ಒಂದೇ: ಬೆಳಿಗ್ಗೆ ಕೆಲಸಕ್ಕೆ ಯಾವುದರಲ್ಲಿ ಹೋದರೆ ಅನುಕೂಲ? ಒಬ್ಬರು ರೈಲು ಅನ್ನುತ್ತಾರೆ, ಇನ್ನೊಬ್ಬರು ಮೆಟ್ರೊ ಅನ್ನುತ್ತಾರೆ, ಮತ್ತೊಬ್ಬರಿಗೆ ಬಸ್ಸೇ ಸರಿ. ಮೂವರ ಮಾತಿನಲ್ಲೂ ಹುರುಳಿದೆ. ರೈಲು ನಿಲ್ದಾಣ, ಮೆಟ್ರೊ ನಿಲ್ದಾಣ, ದೊಡ್ಡ ಬಸ್ ನಿಲ್ದಾಣ ಮೂರೂ ಕಾಲ್ನಡಿಗೆಯ ದೂರದಲ್ಲಿ ಸಿಗುವ ಜಾಗಗಳು ಬೆಂಗಳೂರಿನ ಅಂಚಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇವೆ. ಕೆಂಗೇರಿಗೆ ಆ ಭಾಗ್ಯವಿದೆ. ಹಾಗಿದ್ದೂ ಇಲ್ಲಿನ ದುಡಿಯುವ ಜನ ದಿನಾ ಬೆಳಿಗ್ಗೆ ಸಂಜೆ ಹೆಣಗುತ್ತಾರೆ. ತೊಂದರೆ ಎಲ್ಲಿದೆ ಎಂದು ಬಿಡಿಸಿ ನೋಡಬೇಕಾಗಿದೆ.

ಊರು ಮೊನ್ನೆ ಮೊನ್ನೆಯದಲ್ಲ. 1876–78ರ ಭೀಕರ ಬರಗಾಲದ ಬೆನ್ನಿಗೆ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ಮೀಟರ್‌ಗೇಜ್ ಹಳಿ ಕೆಂಗೇರಿಯನ್ನು ಹಾದೇ ಹೋಯಿತು. ಬೆಂಗಳೂರಿಗೆ ಸೇರಿದ್ದು ಮಾತ್ರ ತಡವಾಗಿ. 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಏಳು ನಗರಸಭೆಗಳ ಜೊತೆ ವಿಲೀನವಾದ ಒಂದೇ ಒಂದು ಪುರಸಭೆ ಕೆಂಗೇರಿಯದು. ಆಮೇಲೆ ಮೆಟ್ರೊ ಬಂತು. ನೇರಳೆ ಮಾರ್ಗ 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಗೆ, 2023ರ ಅಕ್ಟೋಬರ್ 9ರಂದು ಚಲ್ಲಘಟ್ಟಕ್ಕೆ ಮುಟ್ಟಿತು. ಅದೇ ದಿನ ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವೆ ಉಳಿದಿದ್ದ ತುಂಡೂ ಕೂಡಿಕೊಂಡು, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ.ಗೂ ಹೆಚ್ಚು ಉದ್ದದ ಒಂದೇ ಮಾರ್ಗವಾಯಿತು.

ಮೊದಲು ಖರ್ಚಿನ ಲೆಕ್ಕ ಹಾಕೋಣ, ಏಕೆಂದರೆ ತಿಂಗಳ ಸಂಬಳದವರಿಗೆ ಮಾತು ಶುರುವಾಗುವುದೇ ಅಲ್ಲಿಂದ. ತಿಂಗಳಿಗೆ 25 ದಿನ ಮೆಜೆಸ್ಟಿಕ್‌ಗೆ ಹೋಗಿಬರುವ ಒಬ್ಬರು ಎಂದಿಟ್ಟುಕೊಳ್ಳಿ. 2025ರ ಫೆಬ್ರುವರಿಯ ಪರಿಷ್ಕರಣೆಯ ಪ್ರಕಾರ ಮೆಟ್ರೊದಲ್ಲಿ 10ರಿಂದ 15 ಕಿ.ಮೀ. ದೂರಕ್ಕೆ 60 ರೂಪಾಯಿ. ಹೋಗಿಬರಲು 120, ತಿಂಗಳಿಗೆ 3,000. ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದರೆ 2,850. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯಲ್ಲಿ ದರ ಏರಿದ ಮೇಲೆ 1,200 ರೂಪಾಯಿ. ಅದರಲ್ಲಿ ಮೆಜೆಸ್ಟಿಕ್ ಒಂದೇ ಅಲ್ಲ, ಊರೆಲ್ಲ ಸುತ್ತಬಹುದು. ರೈಲಿನ ಪ್ಯಾಸೆಂಜರ್ ಗಾಡಿಯಲ್ಲಿ ಕನಿಷ್ಠ ದರ 10 ರೂಪಾಯಿ. ದಿನಾ ಟಿಕೆಟ್ ಕೊಂಡರೂ ತಿಂಗಳಿಗೆ 500. ಸೀಸನ್ ಟಿಕೆಟ್ ಮಾಡಿಸಿಕೊಂಡರೆ ಅದಕ್ಕಿಂತಲೂ ಕಡಿಮೆ. ಮೆಟ್ರೊಗೂ ರೈಲಿಗೂ ಐದಾರು ಪಟ್ಟು ಅಂತರವಿದೆ. ಕೆಂಗೇರಿಯ ಎಷ್ಟೋ ಮನೆಗಳಲ್ಲಿ ಇದು ಮಗುವಿನ ಶಾಲೆಯ ವ್ಯಾನಿನ ದುಡ್ಡು.

ರೈಲು ಅಗ್ಗ ಮಾತ್ರವಲ್ಲ, ಬೇಗ ಕೂಡ. ಕೆಂಗೇರಿ ಬಿಟ್ಟರೆ ಜ್ಞಾನಭಾರತಿ, ನಾಯಂಡಹಳ್ಳಿಯಂಥ ಕೆಲವೇ ನಿಲುಗಡೆ, ಆಮೇಲೆ ಸಂಗೊಳ್ಳಿ ರಾಯಣ್ಣ ನಿಲ್ದಾಣ. ತಡೆಯಿಲ್ಲದೆ ಓಡಿದರೆ ಮೆಮು ಗಾಡಿ ಇಷ್ಟು ದೂರವನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಮೆಮುವಿಗೆ ಬೇರೆ ಎಂಜಿನ್ ಇರುವುದಿಲ್ಲ. ಬೋಗಿಗಳ ಅಡಿಯಲ್ಲೇ ಮೋಟಾರು, ಎರಡೂ ತುದಿಯಲ್ಲಿ ಚಾಲಕನ ಕ್ಯಾಬಿನ್. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಕಳಚಿ, ಸುತ್ತಿಸಿ, ಇನ್ನೊಂದು ತುದಿಗೆ ಜೋಡಿಸುವ ಗೋಜಿಲ್ಲ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದು ಹೋದರೆ ಗಾಡಿ ವಾಪಸು ಹೊರಡಬಹುದು. ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹತ್ತಿರ ಹತ್ತಿರದ ನಿಲ್ದಾಣಗಳ ನಡುವೆ ಓಡಾಡಲೆಂದೇ ಮಾಡಿದ ಗಾಡಿ ಇದು.

ಇಷ್ಟೆಲ್ಲ ಇದ್ದೂ ಕೆಂಗೇರಿಯ ಹೆಚ್ಚಿನವರು ರೈಲು ಹತ್ತುವುದಿಲ್ಲ. ಕಾರಣ ತಿಳಿಯಬೇಕಾದರೆ ಬೆಳಗಿನ ಹೊತ್ತು ಟಿಕೆಟ್ ಕೌಂಟರಿನ ಸಾಲಿನಲ್ಲಿ ನಿಂತರೆ ಸಾಕು. ಮುಂದೆ ನಿಂತ ಕಾಲೇಜು ಹುಡುಗ ಹತ್ತರ ನೋಟು ಚಾಚುತ್ತಾನೆ. ‘ಪ್ಯಾಸೆಂಜರಾ, ಎಕ್ಸ್‌ಪ್ರೆಸ್ಸಾ?’ ಎಂದು ಕಿಟಕಿಯಾಚೆಯಿಂದ ಪ್ರಶ್ನೆ ಬರುತ್ತದೆ. ಹುಡುಗನಿಗೆ ಗೊತ್ತಿಲ್ಲ. ‘ಈಗ ಯಾವ್ದು ಬರುತ್ತೆ ಸಾರ್?’ ಎನ್ನುತ್ತಾನೆ. ಹಿಂದಿನವರು ಗಡಿಯಾರ ನೋಡಿಕೊಳ್ಳುತ್ತಾರೆ. ಈ ಪ್ರಶ್ನೆಗೆ ಬೆಲೆಯಿದೆ. ಎಕ್ಸ್‌ಪ್ರೆಸ್‌ನ ಸಾಮಾನ್ಯ ಬೋಗಿಗೆ ಕನಿಷ್ಠ ದರ 30 ರೂಪಾಯಿ. ಮೈಸೂರು ಕಡೆಯಿಂದ ಬರುವ ಹಲವು ಎಕ್ಸ್‌ಪ್ರೆಸ್‌ಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ. ಹತ್ತು ರೂಪಾಯಿಯ ಪ್ಯಾಸೆಂಜರ್ ಟಿಕೆಟ್ ಹಿಡಿದು ಅವುಗಳಲ್ಲಿ ಒಂದನ್ನು ಹತ್ತಿದವರು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ದರದ ವ್ಯತ್ಯಾಸದ ಮೇಲೆ ಕನಿಷ್ಠ 250 ರೂಪಾಯಿ ದಂಡ ತೆರಬೇಕು. ಸೂಪರ್‌ಫಾಸ್ಟ್ ಆದರೆ ಸೀಸನ್ ಟಿಕೆಟ್ ಇದ್ದವರೂ ಹೆಚ್ಚುವರಿ ಶುಲ್ಕ ಕಟ್ಟಬೇಕು. ದಿನಾ ಓಡಾಡುವವರಿಗೆ ಇದೆಲ್ಲ ಬಾಯಿಪಾಠ. ಹೊಸಬರು ಒಮ್ಮೆ ದಂಡ ಕಟ್ಟಿದರೆ ಮತ್ತೆ ರೈಲಿನ ಕಡೆ ತಲೆ ಹಾಕುವುದಿಲ್ಲ.

ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೂ ಎಕ್ಸ್‌ಪ್ರೆಸ್ ದರವೇ ಜಾರಿಯಾಗಿ, ಹತ್ತು ರೂಪಾಯಿಯ ಪ್ರಯಾಣಕ್ಕೆ ಮೂವತ್ತು ಕೊಡಬೇಕಾಯಿತು. ಹಳೆಯ ದರ ಮರಳಿದ್ದು 2024ರ ಫೆಬ್ರುವರಿ ಕೊನೆಯಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಸ್ಕೂಟರು ಕೊಂಡಾಗಿತ್ತು. ರೈಲು ಮತ್ತೆ ಅಗ್ಗವಾಗಿದೆ ಎಂಬ ಸುದ್ದಿ ಊರಿನ ಎಲ್ಲರ ಕಿವಿಗೆ ಬಿದ್ದಂತೆ ಇಂದಿಗೂ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದರಕ್ಕಿಂತ ದೊಡ್ಡ ತೊಡಕು ಗಾಡಿಗಳ ನಡುವಿನ ಅಂತರ. ಬೆಂಗಳೂರು–ಮೈಸೂರು ಮಾರ್ಗ ಈಗ ಜೋಡಿ ಹಳಿಯದು, ವಿದ್ಯುದೀಕರಣವೂ ಆಗಿದೆ. ಆದರೆ ಹಳಿ ಎಲ್ಲರಿಗೂ ಒಂದೇ. ಶತಾಬ್ದಿ, 2022ರ ನವೆಂಬರ್‌ನಲ್ಲಿ ಬಂದ ಚೆನ್ನೈ–ಮೈಸೂರು ವಂದೇ ಭಾರತ್, ಚಾಮುಂಡಿ, ಒಡೆಯರ್, ದೂರದೂರಿನ ಗಾಡಿಗಳು, ಗೂಡ್ಸ್ ಎಲ್ಲವೂ ಅದರ ಮೇಲೇ ಓಡಬೇಕು. ವೇಗದ ಗಾಡಿ ಹಿಂದೆ ಬರುತ್ತಿದ್ದರೆ ಮೆಮುವನ್ನು ಬದಿಯ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬಹುದು. ಸ್ವಯಂಚಾಲಿತ ಸಿಗ್ನಲ್ ಇದ್ದರೆ ಅದೇ ದೂರದಲ್ಲಿ ಒಂದರ ಹಿಂದೆ ಒಂದು ಗಾಡಿ ಬಿಡಬಹುದು. ಮುಂಬೈಯಲ್ಲಿ ಲೋಕಲ್ ಗಾಡಿಗಳು ಮೂರು ನಾಲ್ಕು ನಿಮಿಷಕ್ಕೊಂದರಂತೆ ಓಡುವುದು ಅವುಗಳಿಗೆ ಬೇರೆ ಹಳಿ, ಬೇರೆ ಸಿಗ್ನಲ್ ಇರುವುದರಿಂದ. ನಮ್ಮಲ್ಲಿ ವೇಳಾಪಟ್ಟಿ ಬರೆಯುವಾಗ ಮೊದಲು ದೂರದ ಗಾಡಿಗಳಿಗೆ ಹೊತ್ತು ಗೊತ್ತುಮಾಡುತ್ತಾರೆ, ಉಳಿದ ಸಂದಿಯಲ್ಲಿ ಮೆಮು ತೂರಿಸುತ್ತಾರೆ. ಹೀಗಾಗಿ ಕೆಲವು ಗಾಡಿಗಳು ಒಂದರ ಬಾಲಕ್ಕೊಂದು ಬಂದು, ಆಮೇಲೆ ಬಹಳ ಹೊತ್ತು ಪ್ಲಾಟ್‌ಫಾರಂ ಖಾಲಿ. ಎಂಟೂವರೆಯ ಗಾಡಿ ತಪ್ಪಿದರೆ ಮುಂದಿನದು ಒಂಬತ್ತಕ್ಕೆ ಇದೆ ಎಂಬ ಭರವಸೆ ಇಲ್ಲದ ಕಡೆ ಕೆಲಸಕ್ಕೆ ಹೋಗುವವರು ರೈಲನ್ನು ನಂಬುವುದು ಹೇಗೆ?

ಮೆಟ್ರೊ ಗೆದ್ದಿರುವುದು ಇಲ್ಲೇ. ಅಲ್ಲಿ ವೇಳಾಪಟ್ಟಿ ನೋಡಿ ಮನೆ ಬಿಡಬೇಕಾಗಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತದೆ. ಚಲ್ಲಘಟ್ಟದಿಂದ ಹೊರಡುವ ಗಾಡಿಯಾದ್ದರಿಂದ ಬೆಳಿಗ್ಗೆ ಕೆಂಗೇರಿಯಲ್ಲಿ ಹತ್ತಿದವರಿಗೆ ಕೂರಲು ಜಾಗವೂ ಸಿಗುತ್ತದೆ. ವಿಜಯನಗರ, ವಿಧಾನಸೌಧ, ಎಂ.ಜಿ. ರಸ್ತೆ, ಇಂದಿರಾನಗರ ಕಡೆಗೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ವೈಟ್‌ಫೀಲ್ಡ್‌ವರೆಗೂ ಹೋಗುವವರಿಗೆ ದೂರ 25 ಕಿ.ಮೀ. ಮೀರುವುದರಿಂದ ಗರಿಷ್ಠ ದರ 90 ರೂಪಾಯಿ ಬೀಳುತ್ತದೆ. ರಸ್ತೆಯಲ್ಲಿ ಕಳೆಯುತ್ತಿದ್ದ ಹೊತ್ತನ್ನು ನೆನೆದರೆ ಅದು ಸಹ್ಯ. ಆದರೆ ಮೆಜೆಸ್ಟಿಕ್‌ನ ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ, ಚಿಕ್ಕಪೇಟೆಯಲ್ಲಿ ಬಟ್ಟೆ ಮಡಿಸಿಡುವವರಿಗೆ ದಿನಕ್ಕೆ 120 ರೂಪಾಯಿ ಸಹ್ಯವಲ್ಲ. 2025ರ ಏರಿಕೆಯಲ್ಲಿ ನಗರದ ಒಳಗೆ ನಾಲ್ಕು ನಿಲ್ದಾಣ ಹೋಗುವವರಿಗಿಂತ ಅಂಚಿನ ಊರುಗಳಿಂದ ಬರುವವರ ಜೇಬಿಗೇ ಹೆಚ್ಚು ಹೊರೆ ಬಿದ್ದಿದೆ. ಮನೆ ಬಾಡಿಗೆ ಕಡಿಮೆ ಎಂದು ಕೆಂಗೇರಿಗೆ ಬಂದವರೇ ಪ್ರಯಾಣಕ್ಕೆ ಹೆಚ್ಚು ಕೊಡುವಂತಾದದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಮೆಟ್ರೊದಲ್ಲಿ ‘ಕೆಂಗೇರಿ’ ಎಂದೊಂದು ನಿಲ್ದಾಣವಿದೆ, ‘ಕೆಂಗೇರಿ ಬಸ್ ಟರ್ಮಿನಲ್’ ಎಂದು ಇನ್ನೊಂದಿದೆ. ರೈಲು ಹತ್ತಬೇಕಾದವರು ಹೆಸರು ನೋಡಿ ಮೊದಲನೆಯದರಲ್ಲಿ ಇಳಿದರೆ ಸುಮ್ಮನೆ ಹೆಚ್ಚು ನಡೆಯಬೇಕು. ರೈಲು ನಿಲ್ದಾಣಕ್ಕೂ ಬಿಎಂಟಿಸಿ ನಿಲ್ದಾಣಕ್ಕೂ ಹತ್ತಿರ ಇರುವುದು ಬಸ್ ಟರ್ಮಿನಲ್ ಮೆಟ್ರೊ. ಪೆಟ್ಟಿಗೆ, ಮಕ್ಕಳನ್ನು ಕಟ್ಟಿಕೊಂಡು ಮೈಸೂರು ಗಾಡಿ ಹಿಡಿಯಲು ಬರುವವರು ಇದನ್ನು ನೆನಪಿಡಬೇಕು. ಹಾಗೆಯೇ ಹೊರವರ್ತುಲ ರಸ್ತೆಯ ಬನಶಂಕರಿ, ಸಿಲ್ಕ್ ಬೋರ್ಡ್ ಕಡೆಗೆ ಹೋಗುವವರು ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲ. ನಾಯಂಡಹಳ್ಳಿಯಲ್ಲಿ ಮೆಟ್ರೊ, ರೈಲು, ಹೊರವರ್ತುಲ ರಸ್ತೆಯ ಬಸ್ಸು ಮೂರೂ ಸಿಗುತ್ತವೆ.

ಬಸ್ಸಿನ ವಿಷಯಕ್ಕೆ ಬಂದರೆ, ಮೈಸೂರು ರಸ್ತೆಯ ದಟ್ಟಣೆಯಲ್ಲಿ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗುವುದು ಎಲ್ಲಕ್ಕಿಂತ ನಿಧಾನ, ಅನುಮಾನವಿಲ್ಲ. ಆದರೂ ಬಸ್ಸು ತುಂಬಿರುತ್ತದೆ, ಅದಕ್ಕೆ ಬಲವಾದ ಕಾರಣವಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸಿನಲ್ಲಿ ಉಚಿತ ಪ್ರಯಾಣ. ಗಾರ್ಮೆಂಟ್ಸ್‌ಗೆ ಹೋಗುವ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಮುಕ್ಕಾಲು ಗಂಟೆ ಹೆಚ್ಚು ಹಿಡಿದರೂ ತಿಂಗಳಿಗೆ ಸಾವಿರಗಟ್ಟಲೆ ಉಳಿಯುತ್ತದೆ. ಅವರ ಲೆಕ್ಕ ಸರಿಯಾಗಿದೆ. ಜೊತೆಗೆ ಹಳಿ ಇಲ್ಲದ ಕಡೆಗೆಲ್ಲ ಹೋಗುವುದು ಬಸ್ಸೊಂದೇ. ಯಶವಂತಪುರದ ಮೇಲಾಗಿ ಯಲಹಂಕಕ್ಕೆ 401ಕೆ, ಉತ್ತರಹಳ್ಳಿ ರಸ್ತೆಯ ಬಸ್ಸುಗಳು, ಕೊಮ್ಮಘಟ್ಟ, ಉಲ್ಲಾಳ, ದೊಡ್ಡ ಆಲದ ಮರದ ಕಡೆಯ ಬಸ್ಸುಗಳು ಇಲ್ಲದಿದ್ದರೆ ಆ ಬಡಾವಣೆಗಳ ಜನರಿಗೆ ಆಟೊ ಬಿಟ್ಟರೆ ಗತಿಯಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಇಲ್ಲಿ ಬಹಳ ಮಂದಿ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಹಳದಿ ಮಾರ್ಗ ತೆರೆದ ಮೇಲೆ ಅವರಿಗೂ ಮೆಟ್ರೊ ಸಿಕ್ಕಿದೆ. ಆದರೆ ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗ ಹತ್ತಬೇಕು, ಆರ್.ವಿ. ರಸ್ತೆಯಲ್ಲಿ ಇಳಿದು ಹಳದಿ ಹತ್ತಬೇಕು. ನಗರದ ಹೃದಯಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುವ ಪ್ರಯಾಣ, ಒಂದು ದಿಕ್ಕಿಗೆ 90 ರೂಪಾಯಿ. ನೈಸ್ ರಸ್ತೆಯ ಮೇಲೆ ಹೋಗುವ ಬಿಎಂಟಿಸಿ ಬಸ್ಸು ನಗರದ ಒಳಗೆ ಕಾಲಿಡದೆ ನೇರ ತಲುಪಿಸುತ್ತದೆ. ನಿಮ್ಮ ಪಾಳಿಯ ಹೊತ್ತಿಗೆ ಆ ಬಸ್ಸು ಇದ್ದರೆ ಅದೇ ಮೇಲು. ಹಳಿಯ ಮೇಲಿನದೆಲ್ಲ ಉತ್ತಮ, ರಸ್ತೆಯ ಮೇಲಿನದೆಲ್ಲ ಕಳಪೆ ಎಂಬ ನಂಬಿಕೆ ಬೆಳೆಯುತ್ತಿದೆ. ಅದು ತಪ್ಪು, ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ಕಡೆಗೇ ಮುಖ ಮಾಡಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಬಿಡದಿಯ ಟೊಯೋಟಾ ಕಾರ್ಖಾನೆ, ಅದರ ಸುತ್ತಲ ಕೈಗಾರಿಕಾ ಪ್ರದೇಶ, ರಾಮನಗರದ ಕಚೇರಿಗಳು, ಶಾಲೆಗಳಿಗೆ ಇಲ್ಲಿಂದ ಹೋಗುವವರಿದ್ದಾರೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೂ ಆಟೊಕ್ಕೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಮೈಸೂರಿನ ನೇರ ಬಸ್ಸುಗಳು ಊರುಗಳನ್ನು ಬಿಟ್ಟು ಮೇಲೆ ಹಾರಿ ಹೋಗುತ್ತವೆ. ಹೆದ್ದಾರಿಯಿಂದ ಮೈಸೂರು ಹತ್ತಿರವಾಯಿತು, ಬಿಡದಿಗೆ ಸ್ಕೂಟರಿನಲ್ಲಿ ಹೋಗುವವರಿಗೆ ದಾರಿ ಸುಲಭವಾಗಲಿಲ್ಲ. ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ ಎಂದು ಒಂದೊಂದಾಗಿ ನಿಂತು ಹೋಗುವ ಮೆಮು ಇವರಿಗೆ ಹೇಳಿ ಮಾಡಿಸಿದಂತಿದೆ. ಬೆಳಿಗ್ಗೆ ಆ ದಿಕ್ಕಿನ ಗಾಡಿಯಲ್ಲಿ ನೂಕುನುಗ್ಗಲೂ ಕಡಿಮೆ.

ಎಲ್ಲದಕ್ಕೂ ಪರಿಹಾರ ಎಂದು ತೋರಿಸಲಾಗುತ್ತಿರುವುದು ಉಪನಗರ ರೈಲು. ಬೆಂಗಳೂರಿಗೆ ಇಂಥ ರೈಲು ಬೇಕೆಂಬ ವರದಿ 1983ರಲ್ಲೇ ಬಂದಿತ್ತು. 2016ರ ಕೊನೆಗೆ ನಾಗರಿಕರು ‘ಚುಕುಬುಕು ಬೇಕು’ ಎಂದು ಬೀದಿಗಿಳಿದರು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಸಿಕ್ಕಿತು. ಸುಮಾರು 148 ಕಿ.ಮೀ., 15,767 ಕೋಟಿ ರೂಪಾಯಿ, ನಾಲ್ಕು ಮಾರ್ಗ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೂವಿನ ಹೆಸರು. ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯದ ಜಂಟಿ ಸಂಸ್ಥೆ ಕೆ–ರೈಡ್‌ಗೆ ಹೊಣೆ. ಪಾರಿಜಾತ ಕೆಂಗೇರಿಯದು: ಇಲ್ಲಿಂದ ಕಂಟೋನ್ಮೆಂಟ್ ಮೂಲಕ ವೈಟ್‌ಫೀಲ್ಡ್‌ಗೆ, 35 ಕಿ.ಮೀ. ಚಿಲ್ಲರೆ. 2022ರ ಜೂನ್ 20ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದರು. 2025ರ ಅಕ್ಟೋಬರ್‌ಗೆ ಆ ಗಡುವು ಮುಗಿಯಿತು; ನಾಲ್ಕರಲ್ಲಿ ಒಂದು ಮಾರ್ಗದ ಮೇಲೂ ಗಾಡಿ ಓಡಿರಲಿಲ್ಲ. ಕೆಲಸ ಕೈಗೆತ್ತಿಕೊಂಡದ್ದು ಮಲ್ಲಿಗೆ ಮತ್ತು ಕನಕ ಮಾರ್ಗಗಳಲ್ಲಿ. ಪಾರಿಜಾತ ಬೇಕೇ ಬೇಕು. ಅದು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ ಎಂಬುದು ನನ್ನ ಮಾತು.

ಈಗಿನ ಹಳಿಯ ಮೇಲೇ ಬೆಳಿಗ್ಗೆ ಏಳರಿಂದ ಹತ್ತು, ಸಂಜೆ ಐದರಿಂದ ಎಂಟರವರೆಗೆ ಮೆಮುಗಳ ಹೊತ್ತನ್ನು ಸಮನಾಗಿ ಹಂಚಲಿ. ಐದು ನಿಮಿಷಕ್ಕೊಂದು ಗಾಡಿ ಯಾರೂ ಕೇಳುತ್ತಿಲ್ಲ. ಅರ್ಧ ಗಂಟೆಗೊಂದು ಇದ್ದು, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಬರುವಂತಿದ್ದರೆ ಜನ ತಾವೇ ಹೊಂದಿಕೊಳ್ಳುತ್ತಾರೆ. ಬಾಯಿಪಾಠವಾಗುವ ವೇಳಾಪಟ್ಟಿಯೇ ಅರ್ಧ ಸೇವೆ. ವೈಟ್‌ಫೀಲ್ಡ್ ಕಡೆಯ ಕೆಲವು ಮೆಮುಗಳನ್ನು ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಕೊನೆಗೊಳಿಸದೆ ಕೆಂಗೇರಿ ಅಥವಾ ರಾಮನಗರದವರೆಗೆ ಬೆಳೆಸಿದರೆ, ಜನರಿಗೂ ಅನುಕೂಲ, ಆ ನಿಲ್ದಾಣದ ಪ್ಲಾಟ್‌ಫಾರಂ ಕೂಡ ಬೇಗ ತೆರವಾಗುತ್ತದೆ. ಇದಕ್ಕೆ ಹೊಸ ಭೂಮಿ ಬೇಡ, ಮೇಲ್ಸೇತುವೆ ಬೇಡ.

ಇನ್ನು ರೈಲು ನಿಲ್ದಾಣದಿಂದ ಬಸ್ ನಿಲ್ದಾಣಕ್ಕೆ ಇರುವ ದಾರಿ. ಸಂಜೆ ಗಾಡಿಯಿಂದ ಇಳಿದವರ ಹಿಂದೆ ಒಮ್ಮೆ ನಡೆದು ನೋಡಿ. ಹೆಗಲಿಗೆ ಊಟದ ಚೀಲ ಹಾಕಿಕೊಂಡ ಹೆಂಗಸರು, ಕೋಲು ಹಿಡಿದ ಹಿರಿಯರು ಪಾದಚಾರಿ ದಾರಿ ಬಿಟ್ಟು ರಸ್ತೆಗೆ ಇಳಿಯುತ್ತಾರೆ. ಮೇಲೆ ಬೈಕು ನಿಂತಿರುತ್ತದೆ, ಇಲ್ಲವೇ ಚಪ್ಪಡಿ ಎದ್ದಿರುತ್ತದೆ. ಮಳೆ ಬಂದ ದಿನ ನೀರು ನಿಂತು ಎಲ್ಲಿ ಗುಂಡಿ, ಎಲ್ಲಿ ರಸ್ತೆ ತಿಳಿಯುವುದಿಲ್ಲ. ಕತ್ತಲಾದ ಮೇಲೆ ಮೊಬೈಲಿನ ಬೆಳಕು ಹಿಡಿದು ನಡೆಯುತ್ತಾರೆ. ರೈಲ್ವೆ, ಬಿಎಂಟಿಸಿ, ಮೆಟ್ರೊ ನಿಗಮ, ಪಾಲಿಕೆ ನಾಲ್ಕೂ ತಮ್ಮ ತಮ್ಮ ಗೇಟಿನ ತನಕ ಕೆಲಸ ಮಾಡಿವೆ. ಗೇಟಿನಿಂದ ಗೇಟಿಗೆ ಇರುವ ಈ ಪುಟ್ಟ ದಾರಿ ಯಾರದ್ದೂ ಅಲ್ಲದಂತಾಗಿದೆ. ನೂರಾರು ಕೋಟಿ ಸುರಿದ ಮೂರು ವ್ಯವಸ್ಥೆಗಳು ಇಷ್ಟು ಹತ್ತಿರ ಇದ್ದೂ ಬೇರೆ ಬೇರೆಯಾಗಿ ಉಳಿದಿರುವುದು ಇದೊಂದರಿಂದ. ಒಂದೇ ಸಮತಟ್ಟಾದ ಕಾಲುದಾರಿ, ಸಾಲು ದೀಪ, ಮೂರೂ ಭಾಷೆಯಲ್ಲಿ ದಿಕ್ಕಿನ ಫಲಕ, ಮೆಮು ಬರುವ ಹೊತ್ತಿಗೆ ಬಡಾವಣೆಗಳಿಗೆ ಹೊರಡುವ ಎರಡು ಫೀಡರ್ ಬಸ್ಸು ಸಾಕು. ಒಂದು ವಾರ್ಡಿನ ವರ್ಷದ ಕಾಮಗಾರಿ ಪಟ್ಟಿಯಲ್ಲಿ ಹಿಡಿಯುವಷ್ಟು ಕೆಲಸ ಇದು.

ಕೆಂಗೇರಿಯ ಓದುಗರಲ್ಲಿ ನನ್ನದೊಂದು ವಿನಂತಿ. ರೈಲ್ವೆ ತನ್ನ ವೇಳಾಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. 2025ರಲ್ಲಿ ಹೊಸ ಪಟ್ಟಿ ಜಾರಿಗೆ ಬಂದದ್ದು ಜನವರಿ 1ರಿಂದ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಬರೆದ ಪತ್ರಕ್ಕೆ ಬೆಲೆ ಹೆಚ್ಚು. ಬೆಂಗಳೂರು ವಿಭಾಗೀಯ ರೈಲ್ವೆ ವ್ಯವಸ್ಥಾಪಕರ ಕಚೇರಿಗೆ ಬರೆಯಿರಿ. ವಿಭಾಗ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಎಂದಿದೆ, ಅದರ ಸದಸ್ಯರ ಗಮನಕ್ಕೂ ತನ್ನಿ. ‘ರೈಲು ಹೆಚ್ಚಿಸಿ’ ಎಂದಷ್ಟೇ ಬರೆದರೆ ಕಡತಕ್ಕೆ ಸೇರುತ್ತದೆ. ಎಷ್ಟು ಗಂಟೆಗೆ ಮನೆ ಬಿಡುತ್ತೀರಿ, ಎಲ್ಲಿ ಇಳಿಯುತ್ತೀರಿ, ಯಾವ ಸಂಖ್ಯೆಯ ಗಾಡಿ ಎಷ್ಟು ನಿಮಿಷ ಹಿಂದೆ ಮುಂದೆ ಆದರೆ ನಿಮಗೆ ಒದಗುತ್ತದೆ ಎಂದು ಬರೆಯಿರಿ. ನಿಮ್ಮ ಬೀದಿಯ ಹತ್ತು ಜನರ ಸಹಿ ಹಾಕಿಸಿ. ಅದರ ಒಂದು ಪ್ರತಿ ಬಿಎಂಟಿಸಿಗೂ ಹೋಗಲಿ, ಒಂದು ಪಾಲಿಕೆಯ ವಾರ್ಡ್ ಕಚೇರಿಗೂ ಹೋಗಲಿ.